ಟಿಟಿ (ಟೆಂಪೋ ಟ್ರಾವೆಲರ್) ಕ್ಯಾಂಪರ್ ರೇಡಿಯೇಟರ್ ಸೋರ್ತಿದೆ, ನಾನೇ ಬಿಚ್ಚಿ ಬದಲಾಯಿಸ್ಬಹುದಾ?

ಅಲೆಮಾರಿ_ಕೆಎ06
ಎಲ್ರಿಗೂ ನಮಸ್ಕಾರ. ನಂದು ತುಮಕೂರು, ಬಟವಾಡಿ ಕಡೆ. 2014ರ ಟಿಟಿ ಒಂದನ್ನ ಸೆಕೆಂಡ್ಸಲ್ಲಿ ತಗೊಂಡು ಒಳಗೆ ಮಂಚ, ಸಣ್ಣ ಅಡುಗೆ ಕಟ್ಟೆ, 100 ಲೀಟರ್ ನೀರಿನ ಟ್ಯಾಂಕು, ಇನ್ವರ್ಟರ್ ಎಲ್ಲಾ ಹಾಕ್ಸಿ ಮೂರು ವರ್ಷದಿಂದ ಓಡಿಸ್ತಿದೀನಿ (ಆರ್‌ಸಿಲೂ ಕ್ಯಾರವಾನ್ ಅಂತಾನೇ ಮಾಡ್ಸಿದೀನಿ, ಅದು ಹೆಂಗೆ ಅಂತ ಮಾತ್ರ ಕೇಳ್ಬೇಡಿ, ಅದೇ ಒಂದು ರಾಮಾಯಣ).

ಹೋದ ಭಾನುವಾರ ಅವ್ವನ್ನ ಕರ್ಕೊಂಡು ದೇವರಾಯನದುರ್ಗ ಹತ್ತುತಿದ್ದೆ, ನಾಮದ ಚಿಲುಮೆ ದಾಟಿ ಸ್ವಲ್ಪ ದೂರ ಹೋಗೋಷ್ಟರಲ್ಲಿ ಟೆಂಪ್ರೇಚರ್ ಮುಳ್ಳು ಮೇಲಕ್ಕೆ ಹೊರಟೋಯ್ತು. ಸೈಡಿಗೆ ಹಾಕಿ ಮುಕ್ಕಾಲು ಗಂಟೆ ಕೂತ್ವಿ, ಆರಿದ ಮೇಲೆ ಮೂರು ಲೀಟರ್ ನೀರು ಕುಡೀತು. ಬೆಳಿಗ್ಗೆ ನೋಡಿದ್ರೆ ಗಾಡಿ ಕೆಳಗೆ ಹಸಿರು ನೀರು ನಿಂತಿದೆ. ಟಾರ್ಚ್ ಬಿಟ್ಟು ನೋಡ್ದೆ, ರೇಡಿಯೇಟರ್ ಎಡಗಡೆ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂಗೆ ಕೂಡೋ ಜಾಗದಲ್ಲಿ ಹಸಿರು ಉಪ್ಪು ಕಟ್ಟಿದಂಗೆ ಕಟ್ಟಿದೆ.

ಗ್ಯಾರೇಜಲ್ಲಿ ಎಲ್ಲಾ ಸೇರಿ 19 ಸಾವಿರ ಅಂದ್ರು, ಅದೂ ಗಾಡಿ ಒಂದು ವಾರ ಬಿಟ್ಟೋಗ್ಬೇಕಂತೆ. ನನ್ನತ್ರ ಸಾಕೆಟ್ ಸೆಟ್ ಇದೆ, ಬ್ರೇಕ್ ಪ್ಯಾಡ್ ನಾನೇ ಹಾಕ್ಕೊಂಡಿದೀನಿ. ಮುಂದಿನ ಭಾನುವಾರ ಮುಳಬಾಗಿಲಲ್ಲಿ ತಂಗಿ ಮಗೂದು ನಾಮಕರಣ. ಕೈ ಹಾಕ್ಲಾ ಬೇಡ್ವಾ? ಎಸಿ ಗ್ಯಾಸ್ ತೆಗಿಸ್ಬೇಕಾ?

ಶಿರಾ_ಕಡ್ಲೆಕಾಯಿ
ಅರಿಶಿನ ಹಾಕಣ್ಣ. ಎರಡು ಚಮಚ. ಮುಗೀತು ಕತೆ.

ಗುಬ್ಬಿ_ಗೇರ್‌ಬಾಕ್ಸ್
ಬಂದ್ರಪ್ಪ ಅರಿಶಿನ ಕುಂಕುಮದೋರು. ಹೂವು ತಾಂಬೂಲಾನೂ ಇಟ್ಬಿಡಿ, ರೇಡಿಯೇಟರ್ ಮುತ್ತೈದೆ ಆಗಲಿ.

ಲಾರಿ_ತಾತ
ನಗಬ್ಯಾಡ್ರಪ್ಪ. ಮೂವತ್ತು ವರ್ಷ ಲಾರಿ ಓಡ್ಸಿದೀನಿ, ಆಗ ಅದಿನ್ನೂ ಎನ್‌ಎಚ್ 4, ಈಗಿನ 48. ಸಿರಾ ಹಿರಿಯೂರು ಮಧ್ಯೆ ರಾತ್ರಿ ಎರಡು ಗಂಟೆಗೆ ರೇಡಿಯೇಟರ್ ಸೋರಿದ್ರೆ ಯಾವ ಗ್ಯಾರೇಜ್ ಇರ್ತಿತ್ತು? ಡಾಬಾದಲ್ಲಿ ಅರಿಶಿನ ಇಸ್ಕೊಂಡು ಹಾಕ್ತಿದ್ವಿ, ಪುಡಿ ಹೋಗಿ ಸಣ್ಣ ತೂತಲ್ಲಿ ಕೂತ್ಕೊಂಡು ಊದ್ಕೊಳ್ಳೋದು, ಪುಣೆ ಮುಟ್ಟೋವರೆಗೂ ನಿಲ್ಲೋದು. ಆದ್ರೆ ಆಗಿನವು ಹಿತ್ತಾಳೆ ತಾಮ್ರದ ರೇಡಿಯೇಟರು, ಒಳಗಿನ ದಾರಿ ಅಗಲ. ಊರಿಗೆ ಬಂದ ಮೇಲೆ ಬಿಚ್ಚಿ ರಾಡ್ ಹಾಕಿ ಉಜ್ಜಿ ಸೀಸದ ಬೆಸುಗೆ ಹಾಕ್ಸಿದ್ರೆ ಹೊಸದು. ಈಗಿನ ಅಲ್ಯೂಮಿನಿಯಂನಲ್ಲಿ ಸಂದು ಬೆಂಕಿಕಡ್ಡಿ ದಪ್ಪಾನೂ ಇರಲ್ಲ, ಅರಿಶಿನ ಹಾಕಿದ್ರೆ ತೂತು ಮುಚ್ಚೋಕೆ ಮುಂಚೆ ದಾರೀನೇ ಮುಚ್ಚುತ್ತೆ. ಆ ಹುಡುಗನ್ನ ದಾರಿ ತಪ್ಪಿಸ್ಬ್ಯಾಡಿ.

ಶಿರಾ_ಕಡ್ಲೆಕಾಯಿ
ತಾತ ಹೇಳಿದ ಮೇಲೆ ಮಾತಿಲ್ಲ. ವಾಪಸ್ ತಗೊಂಡೆ.

ಚಿಂತಾಮಣಿ_ಚಕ್ರ
ಎಲ್ಲಕ್ಕಿಂತ ಮೊದಲು ಸೋರ್ತಿರೋದು ಅಲ್ಲೇನಾ ಅಂತ ಗಟ್ಟಿ ಮಾಡ್ಕೊಳ್ಳಿ ಅಣ್ಣ. ನಾನು ಒಂದ್ಸಲ ರೇಡಿಯೇಟರ್ ಬದಲಾಯಿಸಿ ಬೀಗ್ತಾ ಕೂತಿದ್ದೆ, ಮಾರನೇ ದಿನ ಮತ್ತೆ ಅದೇ ಜಾಗದಲ್ಲಿ ನೀರು. ವಾಟರ್ ಪಂಪ್ ಕೆಳಗೆ ಒಂದು ಸಣ್ಣ ತೂತಿರುತ್ತೆ, ಒಳಗಿನ ಸೀಲ್ ಹೋದ್ರೆ ಅಲ್ಲಿಂದ ತೊಟ್ಟಿಕ್ಕುತ್ತೆ, ಫ್ಯಾನ್ ಗಾಳಿಗೆ ಅದು ಹಾರಿ ಎಲ್ಲೆಲ್ಲೋ ಅಂಟ್ಕೊಂಡಿತ್ತು. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಎಲ್ಲಾ ಒರೆಸಿ, ಸ್ಟಾರ್ಟ್ ಮಾಡಿ ಬಿಸಿ ಆಗೋವರೆಗೂ ಬಿಟ್ಟು, ಎಲ್ಲಿ ಮೊದಲು ಒದ್ದೆ ಆಗುತ್ತೆ ನೋಡಿ. ಕೆಳಗಡೆ ರಟ್ಟು ಹಾಸಿದ್ರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ.

ಇನ್ನೊಂದು, ಕಾದಿತ್ತು ಅಂದ್ರಲ್ಲ, ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ಡಿಗೂ ಬ್ಲಾಕಿಗೂ ಮಧ್ಯೆ ಇರೋ ಸೀಲ್) ನೋಡ್ಕೊಳ್ಳಿ. ಆಯಿಲ್ ಕಡ್ಡಿ ತೆಗೆದ್ರೆ ಕಾಫಿ ಬಣ್ಣದ ನೊರೆ ಇದ್ಯಾ, ಬೆಳಿಗ್ಗೆ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದ್ರೆ ನೀರಲ್ಲಿ ಗುಳ್ಳೆ ಬರ್ತಾನೇ ಇರ್ತವಾ, ಸೈಲೆನ್ಸರಲ್ಲಿ ಬಿಳಿ ಹೊಗೆ ನಿಲ್ಲಲ್ವಾ. ಇವು ಇದ್ರೆ ರೇಡಿಯೇಟರ್ ತಂದು ಪ್ರಯೋಜನ ಇಲ್ಲ.

ಅಲೆಮಾರಿ_ಕೆಎ06
ಆಯಿಲ್ ಚೆನ್ನಾಗಿದೆ, ಗುಳ್ಳೆ ಇಲ್ಲ. ರಟ್ಟು ಹಾಸಿ ನೋಡ್ದೆ, ಎಡಗಡೆ ಟ್ಯಾಂಕಿನ ಕೆಳಮೂಲೆನೇ. ಪಂಪ್ ಒಣಗಿದೆ.

ಕುಣಿಗಲ್_ಕುದುರೆ
ಆ ಸಂದಿಗೆ ಎಪಾಕ್ಸಿ ಮೆತ್ತಿದ್ರೆ?

ಗುಬ್ಬಿ_ಗೇರ್‌ಬಾಕ್ಸ್
ನಿಲ್ಲಲ್ಲ ಗುರು. ಅಲ್ಲಿ ಒಳಗೆ ರಬ್ಬರ್ ಗ್ಯಾಸ್ಕೆಟ್ ಇಟ್ಟು ಅಲ್ಯೂಮಿನಿಯಂ ಹಲ್ಲುಗಳನ್ನ ಮಡಚಿ ಹಿಡಿಸಿರ್ತಾರೆ. ಬಿಸಿಗೆ ಪ್ಲಾಸ್ಟಿಕ್ ಒಂದು ಲೆಕ್ಕದಲ್ಲಿ ಹಿಗ್ಗುತ್ತೆ ಅಲ್ಯೂಮಿನಿಯಂ ಇನ್ನೊಂದು ಲೆಕ್ಕದಲ್ಲಿ. ಮೆತ್ತಿದ್ದು ಎರಡು ಸಲ ಬಿಸಿ ಆದ್ರೆ ಹಪ್ಪಳದಂಗೆ ಏಳುತ್ತೆ. ಹತ್ತು ವರ್ಷ ದಾಟಿದೆ, ಬದಲಾಯಿಸಿ ಅಷ್ಟೇ.

ವಸಂತನರಸಾಪುರ_ಶಿಫ್ಟ್
ಅಲೆಮಾರಿಯವ್ರೇ, ನೀವೇ ಮಾಡ್ಬಹುದು, ಒಂದು ದಿನದ ಕೆಲಸ, ನಿಮಗೆ ಎರಡು ದಿನ ಅಂತ ಇಟ್ಕೊಳ್ಳಿ. ಕ್ರಮ ಹೇಳ್ತೀನಿ.

ಗಾಡಿ ರಾತ್ರಿಯೆಲ್ಲಾ ತಣ್ಣಗಾಗ್ಲಿ. ಬಿಸಿ ಇದ್ದಾಗ ಕ್ಯಾಪ್ ಮುಟ್ಟೋ ಹಾಗಿಲ್ಲ. ಕ್ಯಾಪ್ ಮೇಲೆ 0.9 ಅಂತ ಬರ್ದಿರುತ್ತಲ್ಲ ಅದು ಒತ್ತಡ, ಆ ಒತ್ತಡದಲ್ಲಿ ಒಳಗಿನ ನೀರು 115 ಡಿಗ್ರಿ ದಾಟಿದ್ರೂ ಕುದಿಯಲ್ಲ, ಕ್ಯಾಪ್ ಬಿಚ್ಚಿದ ಕ್ಷಣಕ್ಕೆ ಎಲ್ಲಾ ಒಟ್ಟಿಗೆ ಕುದ್ದು ಮುಖಕ್ಕೇ ಬರುತ್ತೆ. ನಮ್ಮ ಶಿಫ್ಟ್ ಹುಡುಗನ ಕೈ ಈಗ್ಲೂ ಬೆಳ್ಳಗಿದೆ.

ಬ್ಯಾಟರಿ ಮೈನಸ್ ಬಿಚ್ಚಿ. ಕೆಳಗೆ ಅಗಲ ಟಬ್ ಇಟ್ಟು ನೀರು ಇಳ್ಸಿ. ಗ್ರಿಲ್ಲು, ಬಂಪರ್ ಬಿಚ್ಚಿ, ಆಮೇಲೆ ಮೇಲಿನ ಹೋಸು, ಕೆಳಗಿನ ಹೋಸು, ಫ್ಯಾನ್ ಸುತ್ತ ಇರೋ ಪ್ಲಾಸ್ಟಿಕ್ ಕವರ್. ಎಸಿ ಕಂಡೆನ್ಸರ್ (ರೇಡಿಯೇಟರ್ ತರಾನೇ ಕಾಣೋ ಎಸಿ ಜಾಲರಿ) ಮುಂದೆ ಇದ್ರೆ ಅದರ ಪೈಪ್ ಬಿಚ್ಚಕ್ಕೇ ಹೋಗ್ಬೇಡಿ, ಬರೀ ಬೋಲ್ಟ್ ತೆಗೆದು ಪೈಪ್ ಸಮೇತ ಮುಂದಕ್ಕೆ ಸರಿಸಿ ಹಗ್ಗದಲ್ಲಿ ಕಟ್ಟಿ. ಗ್ಯಾಸ್ ತೆಗಿಸೋ ಖರ್ಚು ಉಳೀತು. ಇಂಟರ್‌ಕೂಲರ್ (ಟರ್ಬೋ ಗಾಳಿ ತಂಪು ಮಾಡೋದು) ಪೈಪ್ ತೆಗೆದ್ರೆ ತಕ್ಷಣ ಬಾಯಿಗೆ ಬಟ್ಟೆ ತುರುಕಿ, ಒಂದು ವಾಷರ್ ಒಳಗೆ ಬಿದ್ರೆ ಟರ್ಬೋ ಹಾಳು. ಹೊಸ ರೇಡಿಯೇಟರ್ ಇಳಿಸೋ ಮುಂಚೆ ಎರಡು ಕಡೆನೂ ರಟ್ಟು ಕಟ್ಟಿ, ಇಲ್ಲಾಂದ್ರೆ ಫ್ಯಾನ್ ರೆಕ್ಕೆ ತಾಗಿ ಅದರ ಫಿನ್ಸ್ (ತೆಳು ತಗಡಿನ ಪಟ್ಟಿ) ಎಲ್ಲಾ ಮಲಗ್ತವೆ.

ಹೊಸಾದು ತರುವಾಗ ಹಳೇದನ್ನ ಹೊತ್ಕೊಂಡೇ ಹೋಗಿ. ಎಸಿ ಗಾಡಿಗೆ ಬೇರೆ, ನಾನ್ ಎಸಿಗೆ ಬೇರೆ ಬರುತ್ತೆ, ಫೋಟೋ ನೋಡಿ ತಂದ್ರೆ ಮೌಂಟು ಕೂರಲ್ಲ.

ಮನೆಯವ್ರು_ಬೈತಾರೆ
ಹಳೇದನ್ನ ಹೊತ್ಕೊಂಡ್ ಹೋಗೋಕೆ ಗಾಡಿ ಎಲ್ಲಿಂದ ತರ್ಲಿ, ಗಾಡಿನೇ ಬಿಚ್ಚಿದೆಯಲ್ಲ.

ವಸಂತನರಸಾಪುರ_ಶಿಫ್ಟ್
ಬೆಂಗಳೂರು ಜೆ.ಸಿ. ರೋಡಿಗೆ ಕೆಎಸ್ಸಾರ್ಟಿಸಿ ಹತ್ಸಿ ಸ್ವಾಮಿ. ನಾನು ಗೇರ್‌ಬಾಕ್ಸನ್ನೇ ಬಸ್ಸಲ್ಲಿ ತಂದಿದೀನಿ, ಕಂಡಕ್ಟರ್ ಅರ್ಧ ಟಿಕೆಟ್ ಹಾಕಿದ.

ಕೋಲಾರ_ಸಾವಿರದಡಿ
ಯಾರೂ ಒಂದ್ ಮಾತು ಕೇಳ್ಲಿಲ್ಲ. ಅಲೆಮಾರಿಯವ್ರೇ, ಮೂರು ವರ್ಷದಿಂದ ಅದಕ್ಕೆ ಯಾವ ನೀರು ಹಾಕ್ತಿದ್ರಿ?

ಅಲೆಮಾರಿ_ಕೆಎ06
ಕಮ್ಮಿ ಆದಾಗ ಮನೆ ಬೋರ್ ನೀರು. ಯಾಕೆ?

ಕೋಲಾರ_ಸಾವಿರದಡಿ
ಅಲ್ಲೇ ಇರೋದು ಸ್ವಾಮಿ ರೋಗ. ನಮ್ಮ ಕಡೆ ಸಾವಿರ ಅಡಿ, ಸಾವಿರದಿನ್ನೂರು ಅಡಿ ಕೊರೆದು ನೀರು ತೆಗೀತೀವಿ, ಆ ನೀರು ಕಾಯಿಸಿದ ಪಾತ್ರೆ ಒಳಗೆ ಸುಣ್ಣ ಬಳ್ದಂಗೆ ಬಿಳಿ ಪದರ ಕಟ್ಟುತ್ತೆ, ಗೀಜರ್ ಕಾಯಿಲ್ ಎರಡು ವರ್ಷಕ್ಕೆ ಹೋಗುತ್ತೆ. ಅದೇ ನೀರನ್ನ ರೇಡಿಯೇಟರಿಗೆ ಹಾಕಿ ದಿನಾ 90 ಡಿಗ್ರಿಗೆ ಕಾಯಿಸಿದ್ರೆ ಆ ಸಣ್ಣ ಟ್ಯೂಬ್‌ಗಳ ಗತಿ ಏನು? ಅರ್ಧ ಟ್ಯೂಬ್ ಮುಚ್ಚಿ ಕಾದಿದೆ, ಕಾದು ಕಾದು ಪ್ಲಾಸ್ಟಿಕ್ ಬಿರುಕು ಬಿಟ್ಟಿದೆ. ನೀವು ಹೊಸದು ಹಾಕಿ ಮತ್ತೆ ಬೋರ್ ನೀರೇ ಬಿಟ್ರೆ ಇನ್ನೆರಡು ವರ್ಷಕ್ಕೆ ಇದೇ ಪೋಸ್ಟ್ ಮತ್ತೆ ಹಾಕ್ತೀರ.

ಪಾವಗಡ_ಬಿಸ್ಲು
ನಮ್ಮ ಊರಲ್ಲಿ ಆ ನೀರು ಕುಡಿದು ಹಲ್ಲೇ ಕೆಂಪಾಗಿದೆ, ರೇಡಿಯೇಟರ್ ಯಾವ ಲೆಕ್ಕ. ಸೋಲಾರ್ ಪಾರ್ಕಲ್ಲಿ 2050 ಮೆಗಾವ್ಯಾಟ್ ಕರೆಂಟ್ ಐತೆ, ಕುಡಿಯೋಕೆ ನೀರಿಲ್ಲ.

ಬಂಗಾರಪೇಟೆ_ಪಾನಿ
ಕೋಲಾರದ ಕಡೆ ಈಗ ಕೆಸಿ ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ಯೋಜನೆ ನೀರು ಕೆರೆಗೆ ಬಂದ ಮೇಲೆ ಬೋರ್ ಮೇಲಕ್ಕೆ ಬಂದವೆ ಗುರು.

ಕೋಲಾರ_ಸಾವಿರದಡಿ
ಬೆಂಗಳೂರಿನ ಕೊಳಚೆ ನೀರು ಎರಡೇ ಹಂತ ಶುದ್ಧೀಕರಿಸಿ ಬಿಡ್ತಾರೆ, ಮೂರನೇ ಹಂತ ಮಾಡಿ ಅಂತ ಹೋರಾಟ ಮಾಡಿ ಮಾಡಿ ಸುಸ್ತಾಗೈತೆ. ಅದನ್ನ ಇಲ್ಲಿ ಶುರು ಮಾಡಿದ್ರೆ ರೇಡಿಯೇಟರ್ ಮರ್ತೋಗುತ್ತೆ, ಬೇಡ ಬಿಡಿ.

ಕುಣಿಗಲ್_ಕುದುರೆ
ಹಂಗಾದ್ರೆ ಯಾವ ನೀರು ಹಾಕೋದು? ಆರ್‌ಓ?

ಗುಬ್ಬಿ_ಗೇರ್‌ಬಾಕ್ಸ್
ಬ್ಯಾಟರಿ ನೀರು. ಪೆಟ್ರೋಲ್ ಬಂಕಲ್ಲಿ ಡಿಸ್ಟಿಲ್ಡ್ ವಾಟರ್ ಅಂತ ಕ್ಯಾನಲ್ಲಿ ಸಿಗುತ್ತೆ. ಆಸಿಡ್ ಕ್ಯಾನ್ ತಂದುಬಿಟ್ಟೀರ ಮತ್ತೆ, ಅಕ್ಕಪಕ್ಕಾನೇ ಇಟ್ಟಿರ್ತಾರೆ. ಅದಕ್ಕೆ ಕೂಲೆಂಟ್ (ಇಂಜಿನ್ ತಂಪು ಮಾಡೋ ನೀರಿಗೆ ಬೆರೆಸೋ ದ್ರವ) ಅರ್ಧಕ್ಕರ್ಧ. ಈಗ ಬಾಟಲಲ್ಲಿ ಬೆರೆಸಿದ್ದೇ ಬರುತ್ತೆ, ಅದಕ್ಕೆ ಮತ್ತೆ ನೀರು ಹಾಕ್ಬೇಡಿ.

ಶಿರಾ_ಕಡ್ಲೆಕಾಯಿ
ನಂದು ಹಸಿರು ಕೂಲೆಂಟ್. ಕೆಂಪು ಹಾಕಿದ್ರೆ ಜಾಸ್ತಿ ತಂಪಂತೆ?

ಚಿಂತಾಮಣಿ_ಚಕ್ರ
ಬಣ್ಣಕ್ಕೂ ಗುಣಕ್ಕೂ ಸಂಬಂಧ ಇಲ್ಲಣ್ಣ, ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತೆ. ಒಳಗಿನ ಕೆಮಿಕಲ್ ಬೇರೆ ಬೇರೆ ಇರುತ್ತೆ, ಎರಡು ತರದ್ದು ಬೆರೆಸಿದ್ರೆ ಕೆಲವು ಸಲ ರಾಗಿ ಅಂಬಲಿ ತರ ಗಟ್ಟಿ ಆಗುತ್ತೆ. ಹಳೇದನ್ನ ಪೂರ್ತಿ ತೆಗೆದು, ತೊಳೆದು, ಒಂದೇ ತರದ್ದು ಹಾಕಿ. ಡಬ್ಬದ ಮೇಲೆ ಓದಿ, ಬಣ್ಣ ನೋಡಿ ತರ್ಬೇಡಿ.

ಲಾರಿ_ತಾತ
ನಮ್ ಕಾಲದಲ್ಲಿ ಕೆರೆ ನೀರು ಹಾಕಿ ಓಡಿಸ್ತಿದ್ವಿ. ಒಂದ್ಸಲ ಕಪ್ಪೆಮರಿ ಬಂದಿತ್ತು.

ಶಿಡ್ಲಘಟ್ಟ_ಗೂಡು
ನಾನು ವೈರಿಂಗ್ ಕೆಲಸದೋನು, ಅದಕ್ಕೆ ಬೇರೆ ಒಂದು ಅನುಮಾನ. ಕ್ಯಾಂಪರ್ ಗಾಡಿಗಳಲ್ಲಿ ಇನ್ವರ್ಟರು ಫ್ರಿಜ್ಜು ಅಂತ ಆಮೇಲೆ ಹಾಕ್ಸಿದ ವೈರಿಂಗ್ ಇರುತ್ತಲ್ಲ, ಅರ್ತಿಂಗನ್ನ ಸಿಕ್ಕಿದ ಬೋಲ್ಟಿಗೆ ಕಟ್ಟಿರ್ತಾರೆ. ಅದು ರೇಡಿಯೇಟರ್ ಹತ್ರದ ಬೋಲ್ಟ್ ಆಗಿದ್ರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗೋಕೆ ಕೂಲೆಂಟ್ ದಾರೀನೇ ಹಿಡಿಯುತ್ತೆ, ಅಲ್ಯೂಮಿನಿಯಂ ಒಳಗಿಂದಾನೇ ತಿಂದಾಕುತ್ತೆ. ಮಲ್ಟಿಮೀಟರ್ ಇದ್ರೆ ಡಿಸಿ ವೋಲ್ಟಿಗಿಟ್ಟು ಕಪ್ಪು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಕೆಂಪು ಕಡ್ಡಿ ಕೂಲೆಂಟಲ್ಲಿ ಅದ್ದಿ, ಲೋಹಕ್ಕೆ ತಾಗಬಾರ್ದು. ಎಲ್ಲಾ ಆಫ್ ಮಾಡಿ ಒಂದ್ಸಲ, ಇನ್ವರ್ಟರ್ ಲೋಡ್ ಹಾಕಿ ಒಂದ್ಸಲ. 0.1 ಒಳಗಿದ್ರೆ ಚಿಂತೆ ಇಲ್ಲ. 0.3 ದಾಟಿದ್ರೆ ಅರ್ತಿಂಗ್ ಹುಡುಕಿ.

ವಸಂತನರಸಾಪುರ_ಶಿಫ್ಟ್
ಹಳೇ ಕೂಲೆಂಟ್ ಇದ್ರೆ ಅದೇ ಬ್ಯಾಟರಿ ತರ ಸ್ವಲ್ಪ ವೋಲ್ಟೇಜ್ ತೋರ್ಸುತ್ತಲ್ಲ ಸಾರ್? ಹೊಸದು ಹಾಕಿದ ಮೇಲೆ ನೋಡಿದ್ರೇನೇ ಸರಿ.

ಶಿಡ್ಲಘಟ್ಟ_ಗೂಡು
ಹೌದು, ಅದಕ್ಕೇ ಎರಡು ಸಲ ನೋಡಿ ಅಂದಿದ್ದು. ಲೋಡ್ ಹಾಕಿದಾಗ ಏರಿದ್ರೆ ಅದು ವೈರಿಂಗ್ ತಪ್ಪೇ.

ಮಧುಗಿರಿ_ಬಂಡೆ
ಎಲ್ಲಾ ಸೈನ್ಸ್ ಆಯ್ತು. ಗಾಡಿ ಮುಂದೆ ಹುರುಳಿ ಹೊಟ್ಟು ಸಿಕ್ಕಿದ್ಯಾ ನೋಡ್ರಪ್ಪ. ಈ ತಿಂಗಳು ಪೂರಾ ನಮ್ಮ ಕಡೆ ರೋಡ್ ತುಂಬಾ ಹುರುಳಿ ರಾಗಿ ಒಕ್ಕಣೆ, ಅದರ ಮೇಲೆ ಓಡಿಸಿದ ಗಾಡಿ ರೇಡಿಯೇಟರ್ ನೋಡಿದ್ರೆ ಗೀಜಗನ ಗೂಡು. ನನ್ನ ಭಾವನ ಕಾರು ಸೈಲೆನ್ಸರಿಗೆ ಹುರುಳಿ ಬಳ್ಳಿ ಸುತ್ಕೊಂಡು ಹೊಗೆ ಎದ್ದಿತ್ತು.

ಅಲೆಮಾರಿ_ಕೆಎ06
ಅಯ್ಯೋ ಹೌದು, ಕಂಡೆನ್ಸರಿಗೂ ರೇಡಿಯೇಟರಿಗೂ ಮಧ್ಯೆ ಹೊಟ್ಟು, ಹುಳ, ಒಂದು ಚಿಟ್ಟೆ ಎಲ್ಲಾ ಇದೆ. ಸರಿ, ನಾಳೆ ಶುಕ್ರವಾರ ರಜ ಹಾಕಿದೀನಿ. ಕೈ ಹಾಕ್ತೀನಿ.

ಮನೆಯವ್ರು_ಬೈತಾರೆ
ರಾಹುಕಾಲ ಹತ್ತೂವರೆಗೆ ಶುರು, ಅಷ್ಟರೊಳಗೆ ಮೊದಲ ಬೋಲ್ಟ್ ಬಿಚ್ಚಿ.

ಅಲೆಮಾರಿ_ಕೆಎ06
ಶುಕ್ರವಾರ ರಾತ್ರಿ ವರದಿ. ಮೈಯೆಲ್ಲಾ ನೋವು, ಉದ್ದ ಆಗುತ್ತೆ, ಕ್ಷಮಿಸಿ.

ನೀರು ಇಳ್ಸೋ ಕಾಕ್ ಪ್ಲಾಸ್ಟಿಕ್‌ದು, ಹತ್ತು ವರ್ಷ ಯಾರೂ ಮುಟ್ಟಿರ್ಲಿಲ್ಲ ಅನ್ಸುತ್ತೆ, ತಿರುಗಿಸಿದ ತಕ್ಷಣ ತಲೆ ಮುರಿದು ಕೈಗೆ ಬಂತು. ಕೆಳಗಿನ ಹೋಸೇ ಎಳೆದೆ, ಟಬ್ ಒಂದು ಕಡೆ, ನೀರು ಇನ್ನೊಂದು ಕಡೆ, ಅರ್ಧ ನನ್ನ ಅಂಗಿಗೆ. ಬಂದಿದ್ದು ಹಸಿರಲ್ಲ, ಬೆಲ್ಲದ ನೀರು ಬಣ್ಣ. ಹೋಸ್ ಅಂಟ್ಕೊಂಡು ಬರ್ತಿರ್ಲಿಲ್ಲ, ಸ್ಕ್ರೂಡ್ರೈವರಲ್ಲಿ ಮೀಟಿ ಹರಿದೇ ಹೋಯ್ತು, ಹೊಸದು ತಂದೆ. ಬಂಪರ್ ಬೋಲ್ಟ್ ಒಂದು ತುಕ್ಕು ಹಿಡಿದು ತಲೆ ಸವೆದೋಯ್ತು, ಪಕ್ಕದ ವೆಲ್ಡಿಂಗ್ ಶಾಪ್ ಹುಡುಗ ಬಂದು ನಟ್ಟು ಬೆಸೆದು ತೆಗೆದುಕೊಟ್ಟ, ದುಡ್ಡು ಬೇಡ ಅಂದ, ಟೀ ಕುಡ್ಸಿದೆ.

ಕೋಲಾರದೋರು ಹೇಳಿದ್ದು ನಿಜ. ಹಳೇದನ್ನ ಎತ್ತಿ ಒಂದು ಕಡೆಯಿಂದ ಪೈಪಲ್ಲಿ ನೀರು ಬಿಟ್ರೆ ಆ ಕಡೆ ಸಣ್ಣ ಮಗು ಉಚ್ಚೆ ಹೊಯ್ದಂಗೆ ಬರುತ್ತೆ. ಒಳಗೆ ಬೆರಳು ಹಾಕಿದ್ರೆ ಬಿಳಿ ಚಕ್ಕೆ.

ಲಾರಿ_ತಾತ
ಆ ನೀರು ಎಲ್ಲಿ ಚೆಲ್ದೆ ಮಗ? ಚರಂಡಿಗೆ ಬಿಟ್ಟೀಯ. ಕೂಲೆಂಟು ಸಿಹಿ ಇರ್ತದೆ, ನಾಯಿ ಹಸು ಮೂಸಿ ನೆಕ್ತವೆ, ಕಿಡ್ನಿ ಹೋಗಿ ಸಾಯ್ತವೆ. ನಮ್ಮ ಸ್ಟ್ಯಾಂಡಿನ ನಾಯಿ ಒಂದು ಹಂಗೇ ಹೋಯ್ತು, ಆಮೇಲೆ ಗೊತ್ತಾಗಿದ್ದು.

ಅಲೆಮಾರಿ_ಕೆಎ06
ಕ್ಯಾನಿಗೆ ತುಂಬಿ ಮುಚ್ಚಿಟ್ಟಿದೀನಿ ತಾತ. ನೆಲಕ್ಕೆ ಚೆಲ್ಲಿದ್ದರ ಮೇಲೆ ಮರಳು ಹಾಕಿ ಗುಡಿಸಿ ಅದನ್ನೂ ಚೀಲಕ್ಕೆ ತುಂಬ್ದೆ. ಅಷ್ಟೊತ್ತೂ ಅವ್ವ ಕೋಲು ಹಿಡ್ಕೊಂಡು ಪಕ್ಕದ ಮನೆ ಕರು ಕಾಯ್ತಾ ನಿಂತಿದ್ಲು.

ಕುಣಿಗಲ್_ಕುದುರೆ
ಗಾಡಿ ಕೆಳಗೆ ಹೋಗುವಾಗ ಏನಿಟ್ಟಿದ್ರಿ? ಬರೀ ಜಾಕಾ?

ಅಲೆಮಾರಿ_ಕೆಎ06
ಜಾಕ್ ಏರಿಸಲೇ ಇಲ್ಲ. ಟಿಟಿ ಎತ್ತರ ಇದೆ, ಹ್ಯಾಂಡ್‌ಬ್ರೇಕು, ಚಕ್ರಕ್ಕೆ ಕಲ್ಲು, ರಟ್ಟು ಹಾಸ್ಕೊಂಡು ನುಗ್ಗಿದೆ.

ಅಲೆಮಾರಿ_ಕೆಎ06
ಶನಿವಾರ. ಹೊಸ ರೇಡಿಯೇಟರ್ ಕೂತಿದೆ. ಕೆಳಗಿನ ರಬ್ಬರ್ ಬುಷ್ ಎರಡನ್ನ ಹಳೇದರಿಂದ ತೆಗೆದು ಹಾಕೋದು ಮರೆತು ಎಲ್ಲಾ ಬಿಗಿದು ಮತ್ತೆ ಬಿಚ್ಚಿದೆ, ಅದು ಬೇರೆ ಮಾತು. ಹತ್ತು ಲೀಟರ್ ಹಿಡಿಯುತ್ತೆ ಅಂತ ಲೆಕ್ಕ, ಆರೂವರೆಗೇ ತುಂಬೋಯ್ತು. ಸ್ಟಾರ್ಟ್ ಮಾಡಿದ್ರೆ ಹತ್ತು ನಿಮಿಷಕ್ಕೆ ಮುಳ್ಳು ಮೇಲೆ, ಕೆಳಗಿನ ಹೋಸ್ ಮಾತ್ರ ತಣ್ಣಗಿದೆ. ಮತ್ತೆ ಏನಾಯ್ತು ದೇವರೇ?

ಗುಬ್ಬಿ_ಗೇರ್‌ಬಾಕ್ಸ್
ಏರ್ ಲಾಕ್, ಒಳಗೆ ಗಾಳಿ ಸಿಕ್ಕಾಕೊಂಡಿದೆ. ಆಫ್ ಮಾಡಿ ಮೊದಲು, ಆರಲಿ. ಆಮೇಲೆ ಮೂತಿ ಮೇಲಾಗೋ ಹಾಗೆ ಇಳಿಜಾರಲ್ಲಿ ನಿಲ್ಸಿ, ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿ, ಮೇಲಿನ ಹೋಸನ್ನ ಹಸು ಕೆಚ್ಚಲು ಹಿಂಡಿದಂಗೆ ಹಿಂಡಿ. ಗುಳು ಗುಳು ಅಂತ ಗಾಳಿ ಬರುತ್ತೆ, ಮಟ್ಟ ಇಳೀತಿದ್ದಂಗೆ ತುಂಬ್ತಾ ಹೋಗಿ. 80 ಡಿಗ್ರಿ ದಾಟಿದ ಮೇಲೆ ಥರ್ಮೋಸ್ಟಾಟ್ (ಬಿಸಿಗೆ ನೀರಿನ ದಾರಿ ಬಿಡೋ ವಾಲ್ವ್) ಬಾಯಿ ತೆರೆದಾಗ ಒಂದೇ ಸಲ ಕುಡಿಯುತ್ತೆ, ಹೆದರ್ಬೇಡಿ.

ಚಿಂತಾಮಣಿ_ಚಕ್ರ
ಥರ್ಮೋಸ್ಟಾಟ್ ಬಿಚ್ಚಿ ಬಿಸಾಕಿ ಅಂತ ಯಾರಾದ್ರೂ ಹೇಳ್ತಾರೆ ಈಗ, ಕೇಳ್ಬೇಡಿ.

ಶಿರಾ_ಕಡ್ಲೆಕಾಯಿ
ನಾನೇ ಹೇಳೋನಿದ್ದೆ.

ಅಲೆಮಾರಿ_ಕೆಎ06
ಬೀದಿ ಕೊನೆ ದಿಬ್ಬಕ್ಕೆ ಹಾಕಿ ಹಿಂಡಿದೆ ಸಾರ್. ಮೂರು ಲೀಟರ್ ಮತ್ತೆ ಕುಡೀತು. ಮುಳ್ಳು ಅರ್ಧಕ್ಕಿಂತ ಕೆಳಗೇ ನಿಂತಿದೆ. ಕೆಳಗಿನ ಹೋಸ್ ಕ್ಲಿಪ್ಪಲ್ಲಿ ಸ್ವಲ್ಪ ಜಿನುಗ್ತಿತ್ತು, ಇನ್ನರ್ಧ ಸುತ್ತು ಬಿಗಿದೆ, ನಿಂತೋಯ್ತು. ಮಲ್ಟಿಮೀಟರ್ ಇಟ್ಟೆ, ಆಫಲ್ಲಿ 0.05, ಇನ್ವರ್ಟರಲ್ಲಿ ಮಿಕ್ಸಿ ಹಾಕಿದ್ರೆ 0.4! ಹುಡುಕಿದ್ರೆ ಅರ್ತ್ ವೈರು ರೇಡಿಯೇಟರ್ ಕ್ರಾಸ್ ಬಾರಿಗೇ ಕಟ್ಟಿದೆ, ಗೂಡಿನೋರು ಕಣ್ಣಾರೆ ಕಂಡಂಗೆ ಹೇಳಿದಾರೆ. ದಪ್ಪ ವೈರ್ ಎಳೆದು ನೇರ ಬ್ಯಾಟರಿ ಮೈನಸ್ಸಿಗೆ ಹಾಕ್ದೆ. ಈಗ 0.06.

ಖರ್ಚು ರೇಡಿಯೇಟರ್, ಹೋಸು, ಕೂಲೆಂಟ್, ಬ್ಯಾಟರಿ ನೀರು, ಬಸ್ ಚಾರ್ಜು ಸೇರಿ 11,400. ಎರಡು ದಿನದ ಸಂಬಳ ಲೆಕ್ಕಕ್ಕೆ ಹಿಡಿದಿಲ್ಲ.

ವಸಂತನರಸಾಪುರ_ಶಿಫ್ಟ್
ಸೂಪರ್. ನಾಳೆ ಹೊರಡೋ ಮುಂಚೆ ತಣ್ಣಗಿದ್ದಾಗ ಮಟ್ಟ ಒಂದ್ಸಲ ನೋಡಿ, ಐದು ಲೀಟರ್ ಬೆರೆಸಿದ್ದು ಗಾಡೀಲಿಟ್ಕೊಳ್ಳಿ. ನೀರಿನ ಟ್ಯಾಂಕ್ ಖಾಲಿ ಮಾಡಿ ಹೋಗಿ, 100 ಕೆಜಿ ಸುಮ್ನೆ ಯಾಕೆ ಎಳೀಬೇಕು.

ಅಲೆಮಾರಿ_ಕೆಎ06
ಮುಳಬಾಗಿಲು ಹೋಗಿ ಬಂದ್ವಿ! ಚಿಕ್ಕಬಳ್ಳಾಪುರ, ಚಿಂತಾಮಣಿ ಮೇಲೆ ಹೋದೆ, ಬರ್ತಾ ಧೈರ್ಯ ಜಾಸ್ತಿಯಾಗಿ ನಂದಿ ಬೆಟ್ಟಕ್ಕೂ ತಿರುಗಿಸ್ದೆ. 1,478 ಮೀಟರ್ ಎತ್ತರ, ಸೆಕೆಂಡ್ ಗೇರಲ್ಲಿ ಹತ್ತಿದ್ದು, ಮುಳ್ಳು ಒಂದು ಕಡ್ಡಿಯಷ್ಟು ಏರಿ ಇಳೀತು ಅಷ್ಟೇ. ತಂಗಿ ಮನೇಲಿ ಎಲ್ರಿಗೂ ರೇಡಿಯೇಟರ್ ಕತೆನೇ ಹೇಳಿದೀನಿ, ಮಗೂಗೆ ಏನು ಹೆಸರಿಟ್ರು ಅಂತ ಕೇಳ್ಬೇಡಿ.

ಬಂಗಾರಪೇಟೆ_ಪಾನಿ
ಮುಳಬಾಗಿಲ ತನಕ ಬಂದು ದೋಸೆ ತಿಂದ್ರೋ ಇಲ್ವೋ? ಇನ್ನೊಂಚೂರು ಬಂದಿದ್ರೆ ನಮ್ಮೂರ ಪಾನಿಪುರಿ.

ಮಧುಗಿರಿ_ಬಂಡೆ
ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪಕ್ಕದಲ್ಲೇ ಇಟ್ಕೊಂಡು ಅಷ್ಟು ದೂರ ದೋಸೆಗೆ ಹೋಗ್ಬೇಕಾ?

ಬಂಗಾರಪೇಟೆ_ಪಾನಿ
ಇಡ್ಲಿ ಹುಷಾರಿಲ್ಲದೋರು ತಿನ್ನೋದು.

ಗುಬ್ಬಿ_ಗೇರ್‌ಬಾಕ್ಸ್
ಅಡ್ಮಿನ್ ಬನ್ನಿ, ಯುದ್ಧ ಶುರುವಾಯ್ತು.

ಲಾರಿ_ತಾತ
ಹಳೇ ರೇಡಿಯೇಟರ್ ಏನ್ಮಾಡ್ದೆ ಮಗ? ಅಲ್ಯೂಮಿನಿಯಂಗೆ ಗುಜರಿಯಲ್ಲಿ ಒಳ್ಳೆ ರೇಟ್ ಐತೆ, ಪ್ಲಾಸ್ಟಿಕ್ ಬಿಚ್ಚಿ ತೂಕಕ್ಕೆ ಹಾಕು.

ಅಲೆಮಾರಿ_ಕೆಎ06
ನಾನು ಆಫೀಸಿಗೆ ಹೋಗಿದ್ದಾಗ ಪಾತ್ರೆ ಮಾರೋನು ಬಂದಿದ್ನಂತೆ ತಾತ. ಅವ್ವ ಅದನ್ನ ಹಾಕಿ ಒಂದು ಡಬರಿ ತಗೊಂಡವ್ಳೆ.

ಶಿರಾ_ಕಡ್ಲೆಕಾಯಿ
ನೀರು ತುಂಬಿಟ್ಟು ನೋಡಣ್ಣ, ಅದೂ ಸೋರ್ತಿದ್ರೆ ಅರಿಶಿನ ಕಳಿಸ್ಕೊಡ್ತೀನಿ.